ಗಣಿ ಕಂಪನಿಯ ಸಸ್ಟೈನಬಿಲಿಟಿ ರಿಪೋರ್ಟ್ ನೋಡಿ ಅಭಿಪ್ರಾಯ ಬರೆಯಬೇಕಿದೆ, ಎಲ್ಲಿಂದ ಶುರು ಮಾಡಲಿ?

ಮೂರನೇ ಬೆಂಚು:

ಎಲ್ಲರಿಗೂ ನಮಸ್ಕಾರ. ನಾನು ಒಂದು ಪಿಂಚಣಿ ನಿಧಿಯಲ್ಲಿ ಕೆಲಸ ಮಾಡುತ್ತೇನೆ. ಬ್ಯಾಲೆನ್ಸ್ ಶೀಟ್ ಕೊಟ್ಟರೆ ಓದುತ್ತೇನೆ, ಗಣಿ ವಿಷಯದಲ್ಲಿ ಮಾತ್ರ ಅಷ್ಟಕ್ಕಷ್ಟೇ. ಒಂದು ದೊಡ್ಡ ಗಣಿ ಕಂಪನಿಯ ಷೇರು ಇಟ್ಟುಕೊಳ್ಳಬೇಕಾ, ಮಾರಬೇಕಾ ಅನ್ನುವ ಚರ್ಚೆ ನಮ್ಮಲ್ಲಿ ನಡೆಯುತ್ತಿದೆ. ಹಣದ ಭಾಗವನ್ನು ಬೇರೆಯವರು ನೋಡುತ್ತಾರೆ. ಪರಿಸರ, ಕಾರ್ಮಿಕರು, ಸುತ್ತಲಿನ ಜನ, ಇದು ನನ್ನ ತಲೆಗೆ ಬಿದ್ದಿದೆ. ಸಮಿತಿಗೆ ಒಂದು ಟಿಪ್ಪಣಿ ಬರೆದು ಕೊಡಬೇಕು.

ಕಂಪನಿಯ ಹೆಸರು ಹೇಳುವಂತಿಲ್ಲ. ಕಬ್ಬಿಣದ ಅದಿರು, ತಾಮ್ರ, ಸ್ವಲ್ಪ ಕಲ್ಲಿದ್ದಲು. ಗಣಿಗಳು ಬೇರೆ ಬೇರೆ ಖಂಡಗಳಲ್ಲಿವೆ. ಕೆಲವು ಪೂರ್ತಿ ಸ್ವಂತದ್ದು, ಕೆಲವು ಪಾಲುದಾರಿಕೆಯಲ್ಲಿ.

ರಿಪೋರ್ಟ್ ದಪ್ಪಗಿದೆ, ಚೆನ್ನಾಗಿಯೂ ಇದೆ. ನಗುವ ಮಕ್ಕಳು, ಸಸಿ ಹಿಡಿದ ಕೈ, ದೊಡ್ಡ ಲಾರಿಯ ಸ್ಟೀರಿಂಗ್ ಹಿಡಿದ ಹೆಣ್ಣುಮಗಳು. ಗ್ರಾಫ್‌ಗಳೆಲ್ಲ ಒಳ್ಳೆಯ ದಿಕ್ಕಿಗೇ ತಿರುಗಿವೆ. ನೀರು ಇಳಿದಿದೆ, ಅಪಘಾತ ಇಳಿದಿದೆ, ಇಂಗಾಲ ಇಳಿದಿದೆ. ಸಮುದಾಯಕ್ಕೆ ಮಾಡಿದ ಖರ್ಚು ಏರಿದೆ. ಕೊನೆಯಲ್ಲಿ ಒಂದು ಆಡಿಟ್ ಸಂಸ್ಥೆಯ ಪತ್ರ. ಇಷ್ಟು ಚೆನ್ನಾಗಿರುವುದನ್ನು ನೋಡಿದರೆ ನನ್ನಂಥ ಲೆಕ್ಕದವನಿಗೆ ಅನುಮಾನ ಬರುವುದು ಸಹಜ ಅಲ್ವಾ? ಆದರೆ ಅನುಮಾನವನ್ನು ಟಿಪ್ಪಣಿ ಅಂತ ಬರೆದು ಕೊಡಲು ಆಗುವುದಿಲ್ಲ. ರೇಟಿಂಗ್ ಏಜೆನ್ಸಿಗಳ ಅಂಕ ನೋಡೋಣ ಅಂದರೆ ಒಬ್ಬರು ಹಾಡಿ ಹೊಗಳಿದ್ದಾರೆ, ಇನ್ನೊಬ್ಬರು ಸುಮಾರು ಅಂದಿದ್ದಾರೆ.

ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ರಿಪೋರ್ಟ್‌ನಲ್ಲಿ ಮೊದಲು ಯಾವ ಪುಟ ತೆಗೆಯಬೇಕು? ಅದರಾಚೆ ಎಲ್ಲಿ ಹುಡುಕಬೇಕು?

ಕಲ್ಲುಬಂಡೆ:

ಓದುವ ಶ್ರಮ ಯಾಕೆ? ನೆಲ ಬಗೆಯುವವನೇ ನೆಲ ಕಾಯುತ್ತೇನೆ ಅನ್ನುತ್ತಾನೆ, ನೀವು ಅದಕ್ಕೆ ಅಂಕ ಕೊಡಲು ಕೂತಿದ್ದೀರಿ. "ಮಾರಿ" ಅಂತ ಒಂದು ಸಾಲು ಬರೆದು ಕೊಟ್ಟು ಮನೆಗೆ ಹೋಗಿ.

ಹಳೇ ಪೆನ್ಸಿಲ್:

ಕಲ್ಲುಬಂಡೆಯವರ ಸಿಟ್ಟಿಗೆ ಕಾರಣ ಇದೆ. ಆದರೆ ಆ ಒಂದು ಸಾಲನ್ನು ಸಮಿತಿ ಮುಂದಿಟ್ಟರೆ "ಯಾಕೆ?" ಅಂತ ಕೇಳುತ್ತಾರೆ. ಆಗ ಹೇಳಲು ಏನಾದರೂ ಬೇಕಲ್ಲ.

ರಿಪೋರ್ಟಿನ ಕೊನೆಯಲ್ಲಿ ಇದೆ ಅಂದರಲ್ಲ ಆ ಪತ್ರ, ನಾನು ಬಹಳ ವರ್ಷ ಮಾಡಿದ್ದು ಅದೇ ಕೆಲಸ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಅದರಲ್ಲಿ "ಲಿಮಿಟೆಡ್ ಅಶ್ಯೂರೆನ್ಸ್" ಅನ್ನುವ ಮಾತು ಇದೆಯಾ ನೋಡಿ. ಬಹುಪಾಲು ಇರುತ್ತದೆ. ಅಂಥ ಪತ್ರದ ತೀರ್ಮಾನ ಯಾವಾಗಲೂ ಒಂದೇ ಧಾಟಿಯಲ್ಲಿರುತ್ತದೆ: ಈ ಅಂಕಿಗಳು ತಪ್ಪು ಅನ್ನಿಸುವಂಥದ್ದು ಏನೂ ನಮ್ಮ ಗಮನಕ್ಕೆ ಬಂದಿಲ್ಲ. "ಸರಿ ಇವೆ" ಅಂತ ಎಲ್ಲೂ ಹೇಳಿರುವುದಿಲ್ಲ. "ರೀಸನಬಲ್ ಅಶ್ಯೂರೆನ್ಸ್" ಅಂತ ಇದ್ದರೆ ಇನ್ನೂ ಆಳಕ್ಕೆ ಹೋಗಿ ನೋಡಿದ್ದಾರೆ ಅಂತ ಅರ್ಥ. ಇನ್ನೊಂದು, ಆ ಪತ್ರ ಯಾವ ಅಂಕಿಗಳಿಗೆ ಅನ್ವಯ ಅನ್ನುವ ಪಟ್ಟಿ ಅಲ್ಲೇ ಇರುತ್ತದೆ. ಪಟ್ಟಿ ಸಾಮಾನ್ಯವಾಗಿ ಬಹಳ ಚಿಕ್ಕದು. ಅದರ ಹೊರಗಿನ ಯಾವ ಅಂಕಿಯನ್ನೂ ಯಾರೂ ಮುಟ್ಟಿ ನೋಡಿಲ್ಲ.

ನಾವು ಯಾವ ಗಣಿಗೆ ಹೋಗುತ್ತೇವೆ ಅನ್ನುವುದನ್ನು ಕಂಪನಿಯ ಜೊತೆ ಕೂತೇ ನಿಗದಿ ಮಾಡುತ್ತಿದ್ದೆವು. ಹೋದ ದಿನ ಟ್ಯಾಂಕರ್‌ಗಳು ಬೆಳಗ್ಗೆಯಿಂದ ರಸ್ತೆಗೆ ನೀರು ಹೊಡೆದಿರುತ್ತಿದ್ದವು. ಧೂಳು ಏಳುತ್ತಲೇ ಇರಲಿಲ್ಲ. ಹಾಗಾಗಿ ನಾನು ಹೊರಗೆ ನೋಡುವುದನ್ನು ಬಿಟ್ಟು ಧೂಳು ಅಳೆಯುವ ಯಂತ್ರದ ಹಿಂದಿನ ತಿಂಗಳುಗಳ ದಾಖಲೆ ಕೇಳುತ್ತಿದ್ದೆ. ಒಂದು ಗಣಿಯಲ್ಲಿ ಬೇಸಿಗೆಯ ಕೆಟ್ಟ ವಾರಗಳಿಗೆಲ್ಲ "ಯಂತ್ರ ರಿಪೇರಿಯಲ್ಲಿದೆ" ಅಂತ ಬರೆದಿತ್ತು. ವರ್ಷದ ಸರಾಸರಿ ಮಾತ್ರ ಮಿತಿಯ ಒಳಗೇ ಇತ್ತು.

ಈಗ ನನ್ನ ಮುಖ್ಯ ಮಾತು. ಕಂಪನಿಗೆ ಅಂಕ ಕೊಡಲು ಹೋಗಬೇಡಿ. ಗಣಿಗೆ ಕೊಡಿ. ಒಂದೆರಡು ಗಣಿ ಸಾಕು, ಆದರೆ ನೀವೇ ಆರಿಸಿ, ಅದೂ ಅತಿ ಕಷ್ಟದ ಗಣಿಯನ್ನೇ ಆರಿಸಿ. ಹಾನಿ ಆಗುವುದು ಒಂದು ನದಿಗೆ, ಒಂದು ಊರಿಗೆ. ಕಂಪನಿ ಮಟ್ಟದ ಸರಾಸರಿಗೆ ಊರೇ ಇಲ್ಲ.

ನೀರನ್ನೇ ತೆಗೆದುಕೊಳ್ಳಿ. ಮಳೆ ಸುರಿಯುವ ಕಡೆ ಬಳಕೆ ಇಳಿಸಿ, ಮರುಭೂಮಿಯ ಗಣಿಯಲ್ಲಿ ಏರಿಸಿದರೂ ಒಟ್ಟು ಗ್ರಾಫ್ ಕೆಳಗೇ ಹೋಗಬಹುದು. ಉಲ್ಟಾ ಕೂಡ ಆಗಬಹುದು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಎಸ್ಕೊಂಡಿಡಾ ಅನ್ನುವ ತಾಮ್ರದ ಗಣಿ ಇದೆ. 2019ರ ಕೊನೆಗೆ ಅಲ್ಲಿ ಅದಿರು ಕೆಲಸಕ್ಕೆ ಅಂತರ್ಜಲ ಎತ್ತುವುದನ್ನು ನಿಲ್ಲಿಸಿ, ಉಪ್ಪು ತೆಗೆದ ಸಮುದ್ರದ ನೀರಿಗೆ ಬಂದರು. ಲೀಟರ್ ಲೆಕ್ಕ ಕಡಿಮೆ ಆಗದೆಯೂ ಅಂತರ್ಜಲದ ಮೇಲಿನ ಹೊರೆ ಇಳಿಯಬಹುದು. ಅಂದರೆ ಎಷ್ಟು ನೀರು ಅನ್ನುವುದಕ್ಕಿಂತ ಯಾವ ನೀರು, ಯಾರ ನೀರು ಅನ್ನುವುದು ಮುಖ್ಯ. ಗಣಿವಾರು ಪಟ್ಟಿ ಇಲ್ಲದಿದ್ದರೆ ಆ ಅಧ್ಯಾಯವನ್ನು ಸುಮ್ನೆ ದಾಟಿ ಮುಂದೆ ಹೋಗಿ, ಮತ್ತು ಪಟ್ಟಿ ಇಲ್ಲ ಅನ್ನುವುದನ್ನು ಟಿಪ್ಪಣಿಯಲ್ಲಿ ಬರೆಯಿರಿ. ಇಂಥ ರಿಪೋರ್ಟ್‌ಗಳಿಗೆ ಮಾನದಂಡ ರೂಪಿಸುವ ಜಿಆರ್‌ಐ ಸಂಸ್ಥೆ 2024ರಲ್ಲಿ ಗಣಿ ಉದ್ಯಮಕ್ಕೇ ಬೇರೆಯಾಗಿ ಜಿಆರ್‌ಐ 14 ಅಂತ ಮಾನದಂಡ ತಂದಿದೆ. ಅದು ಗಣಿವಾರು ಮಾಹಿತಿಯನ್ನೇ ಕೇಳುತ್ತದೆ. ಹಾಗಾಗಿ "ಅದೆಲ್ಲ ಕೊಡುವ ಪದ್ಧತಿ ಇಲ್ಲ" ಅನ್ನುವ ನೆಪ ಈಗ ನಡೆಯುವುದಿಲ್ಲ.

ಎರಡನೆಯದು, ಲೆಕ್ಕದ ಬೇಲಿ ಎಲ್ಲಿ ಹಾಕಿದ್ದಾರೆ ನೋಡಿ. ನಿಮ್ಮ ಕಂಪನಿಗೆ ಪಾಲುದಾರಿಕೆಯ ಗಣಿಗಳಿವೆ ಅಂದಿರಿ. "ನಾವು ನಡೆಸುವ ಗಣಿಗಳು ಮಾತ್ರ ಸೇರಿವೆ" ಅಂತ ಸಣ್ಣ ಅಕ್ಷರದ ಅಡಿಟಿಪ್ಪಣಿ ಖಂಡಿತ ಇರುತ್ತದೆ. ಬ್ರೆಜಿಲ್‌ನಲ್ಲಿ 2015ರ ನವೆಂಬರ್ 5ರಂದು ಫುಂಡಾವ್ ಅನ್ನುವ ಗಣಿ ತ್ಯಾಜ್ಯದ ಡ್ಯಾಂ ಒಡೆಯಿತು. 19 ಜನ ಸತ್ತರು, ಬೆಂಟೊ ರೊಡ್ರಿಗಸ್ ಅನ್ನುವ ಊರು ಕೆಸರಲ್ಲಿ ಮುಚ್ಚಿಹೋಯಿತು, ಕೆಸರು ರಿಯೊ ದೋಸೆ ನದಿ ಹಿಡಿದು ಆರುನೂರಕ್ಕೂ ಜಾಸ್ತಿ ಕಿಲೋಮೀಟರ್ ದಾಟಿ ಸಮುದ್ರ ಸೇರಿತು. ಆ ಗಣಿ ಸಮಾರ್ಕೊ ಕಂಪನಿಯದು. ಸಮಾರ್ಕೊ ಯಾರದ್ದು? ವಾಲೆ ಮತ್ತು ಬಿಎಚ್‌ಪಿ ಅನ್ನುವ ಎರಡು ದೊಡ್ಡ ಗಣಿ ಕಂಪನಿಗಳದ್ದು, ಅರ್ಧ ಅರ್ಧ. ಅಂಥ ಗಣಿಯನ್ನು ಇಬ್ಬರು ಒಡೆಯರಲ್ಲಿ ಯಾರೂ "ನಾವು ನಡೆಸುವುದು" ಅಂತ ಎಣಿಸುವುದಿಲ್ಲ. ಲಾಭದ ಪಾಲು ಮಾತ್ರ ಇಬ್ಬರ ಪುಸ್ತಕಕ್ಕೂ ಬರುತ್ತದೆ.

ಇಂಗಾಲ ಇಳಿದಿದೆ ಅಂದಿರಲ್ಲ, ಅದು ಗಣಿ ಮಾರಿ ಇಳಿದಿದ್ದೋ ನಿಜವಾಗಿ ಇಳಿದಿದ್ದೋ ನೋಡಿ. ಆಂಗ್ಲೊ ಅಮೆರಿಕನ್ ಅನ್ನುವ ಗಣಿ ಕಂಪನಿ 2021ರಲ್ಲಿ ದಕ್ಷಿಣ ಆಫ್ರಿಕಾದ ತನ್ನ ಕಲ್ಲಿದ್ದಲು ಗಣಿಗಳನ್ನು ಥುಂಗೆಲಾ ಅನ್ನುವ ಬೇರೆ ಕಂಪನಿಯಾಗಿ ಬಿಟ್ಟುಕೊಟ್ಟಿತು. ಕೊಲಂಬಿಯಾದ ಸೆರೆಹೋನ್ ಗಣಿಯಲ್ಲಿ ಅದಕ್ಕೂ ಬಿಎಚ್‌ಪಿಗೂ ಇದ್ದ ಪಾಲನ್ನು ಗ್ಲೆನ್‌ಕೋರ್ ಕೊಂಡಿತು. ಕಲ್ಲಿದ್ದಲು ಆಮೇಲೂ ಮೇಲೆ ಬರುತ್ತಲೇ ಇತ್ತು. ಜೊತೆಗೆ ಸ್ಕೋಪ್ 3 ನೋಡಿ, ಅಂದರೆ ಕಂಪನಿ ಮಾರಿದ ಅದಿರನ್ನು ಕೊಂಡವರು ಕರಗಿಸುವಾಗ, ಸುಡುವಾಗ ಹೊರಬರುವುದು. ಕಬ್ಬಿಣದ ಅದಿರಿನ ದೊಡ್ಡ ಕಂಪನಿಗಳಲ್ಲಿ ಒಟ್ಟು ಇಂಗಾಲದ 90%ಗೂ ಜಾಸ್ತಿ ಅದೇ. ಮುಖಪುಟದ ಗುರಿ ಉಳಿದ ಚೂರಿಗೆ ಮಾತ್ರ ಇರುತ್ತದೆ.

ಮೂರನೆಯದು ಡ್ಯಾಂ. ಸಮಯ ಕಡಿಮೆ ಇದ್ದರೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನೇ ನೋಡಿ. ತಾಮ್ರದ ಅದಿರಿನಲ್ಲಿ ತಾಮ್ರ ಇರುವುದು ಸಾಮಾನ್ಯವಾಗಿ 1%ಗಿಂತ ಕಡಿಮೆ. ಉಳಿದ 99 ಭಾಗ ಪುಡಿಯಾಗಿ, ನೀರು ಬೆರೆತು ಟೈಲಿಂಗ್ಸ್ ಆಗುತ್ತದೆ. ಅದನ್ನು ಯಾವುದೋ ಕಣಿವೆಗೆ ಅಡ್ಡ ಕಟ್ಟೆ ಕಟ್ಟಿ ನಿಲ್ಲಿಸುತ್ತಾರೆ, ಗಣಿ ಮುಚ್ಚಿದ ಮೇಲೂ ಅದು ಅಲ್ಲೇ ಇರುತ್ತದೆ.

ಬ್ರೆಜಿಲ್‌ನದೇ ಬ್ರುಮಾಡಿನ್ಯೊ ದುರಂತ ನಿಮಗೆ ಗೊತ್ತಿರಬಹುದು. 2019ರ ಜನವರಿ 25, ಮಧ್ಯಾಹ್ನ ಊಟದ ಹೊತ್ತು. ವಾಲೆಯ ಆ ಡ್ಯಾಂಗೆ ಹೊಸ ಟೈಲಿಂಗ್ಸ್ ಹಾಕುವುದನ್ನು ನಿಲ್ಲಿಸಿ ವರ್ಷಗಳೇ ಆಗಿದ್ದವು. ಕಾರ್ಮಿಕರ ಕ್ಯಾಂಟೀನ್ ಮತ್ತು ಆಫೀಸು ಡ್ಯಾಂನ ಕೆಳಗೇ, ಕೆಸರು ಹರಿಯುವ ದಾರಿಯಲ್ಲೇ ಇದ್ದವು. ಡ್ಯಾಂ ಒಡೆದಾಗ ಸೈರನ್ ಕೂಗಲಿಲ್ಲ. 270 ಜನ ಸತ್ತರು. ಡ್ಯಾಂ ಗಟ್ಟಿ ಇದೆ ಅಂತ ಟ್ಯೂವ್ ಸ್ಯೂಡ್ ಅನ್ನುವ ಸಂಸ್ಥೆ ಹಿಂದಿನ ವರ್ಷವಷ್ಟೇ ಪ್ರಮಾಣಪತ್ರ ಕೊಟ್ಟಿತ್ತು.

ನಿಮ್ಮ ಕೆಲಸಕ್ಕೆ ನೇರವಾಗಿ ತಾಗುವುದು ಆಮೇಲಿನ ಕಥೆ. ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿ 2022ರ ಏಪ್ರಿಲ್‌ನಲ್ಲಿ ವಾಲೆ ಮೇಲೆ ಕೇಸು ಹಾಕಿತು. ಡ್ಯಾಂ ಸುರಕ್ಷತೆ ಬಗ್ಗೆ ಹೂಡಿಕೆದಾರರ ದಾರಿ ತಪ್ಪಿಸಿದೆ ಅನ್ನುವುದು ಆರೋಪ, ಅದಕ್ಕೆ ತೋರಿಸಿದ ಕಾಗದಗಳಲ್ಲಿ ಸಸ್ಟೈನಬಿಲಿಟಿ ರಿಪೋರ್ಟ್‌ಗಳೂ ಇದ್ದವು. 2023ರಲ್ಲಿ 5.59 ಕೋಟಿ ಡಾಲರ್ ಕೊಟ್ಟು ರಾಜಿ ಆಯಿತು. ಸಸಿ ಹಿಡಿದ ಕೈಯ ಫೋಟೋ ಇರುವ ಪುಸ್ತಕಕ್ಕೂ ಕಾನೂನಿನ ತೂಕ ಇದೆ ಅಂತ ಸಮಿತಿಗೆ ಹೇಳಲು ಇದೊಂದು ಉದಾಹರಣೆ ಸಾಕು.

ಈಗ ಏನು ನೋಡಬೇಕು ಅಂದರೆ: 2020ರ ಆಗಸ್ಟ್‌ನಲ್ಲಿ ಟೈಲಿಂಗ್ಸ್‌ಗೆ ಒಂದು ಜಾಗತಿಕ ಮಾನದಂಡ ಬಂತು, ಜಿಐಎಸ್‌ಟಿಎಂ ಅನ್ನುತ್ತಾರೆ. ವಿಶ್ವಸಂಸ್ಥೆಯ ಪರಿಸರ ವಿಭಾಗ, ಹೂಡಿಕೆದಾರರ ಪಿಆರ್‌ಐ ಒಕ್ಕೂಟ, ಗಣಿ ಕಂಪನಿಗಳ ಐಸಿಎಂಎಂ ಸೇರಿ ತಂದಿದ್ದು. ಅದರಲ್ಲಿ 77 ನಿಯಮಗಳಿವೆ. ಐಸಿಎಂಎಂ ಸದಸ್ಯ ಕಂಪನಿಗಳು ಅತಿ ಅಪಾಯದ ಡ್ಯಾಂಗಳಿಗೆ 2023ರ ಆಗಸ್ಟ್, ಉಳಿದವಕ್ಕೆ 2025ರ ಆಗಸ್ಟ್ ಗಡುವು ಒಪ್ಪಿಕೊಂಡಿದ್ದವು. ನಿಮ್ಮ ಕಂಪನಿ ಪ್ರತಿ ಡ್ಯಾಂಗೂ ವಿವರ ಕೊಟ್ಟಿದೆಯಾ ನೋಡಿ. "ಎಕ್ಸ್‌ಟ್ರೀಮ್" ಅಂತ ಬರೆದಿದ್ದರೆ ಡ್ಯಾಂ ಬೀಳುವ ಹಾಗಿದೆ ಅಂತಲ್ಲ. ಬಿದ್ದರೆ ಕೆಳಗೆ ನೂರಕ್ಕಿಂತ ಜಾಸ್ತಿ ಜನ ಸಾಯಬಹುದು, ಇಲ್ಲವೇ ಅಷ್ಟೇ ಭೀಕರ ಹಾನಿ ಆಗಬಹುದು ಅಂತ. ಅದಕ್ಕೇ ಅಂಥ ಡ್ಯಾಂ ಇರುವ ಗಣಿಯನ್ನೇ ಆರಿಸಿ. ಕಟ್ಟಿದ ರೀತಿಯನ್ನೂ ನೋಡಿ. "ಅಪ್‌ಸ್ಟ್ರೀಮ್" ಅಂದರೆ ಮೊದಲು ಸುರಿದ ಟೈಲಿಂಗ್ಸ್ ಮೇಲೇ ಗೋಡೆ ಎತ್ತರಿಸುತ್ತಾ ಹೋಗಿರುವುದು. ಬ್ರುಮಾಡಿನ್ಯೊ, ಫುಂಡಾವ್ ಎರಡೂ ಆ ಬಗೆಯವು.

ನಂತರ ಉಪಗ್ರಹ ಚಿತ್ರ ತೆಗೆದು ಡ್ಯಾಂನ ಕೆಳಗೆ ಏನಿದೆ ನೀವೇ ನೋಡಿ. ಸೆಂಟಿನೆಲ್‌ 2 ಚಿತ್ರಗಳು ಉಚಿತ. ಹಳೆಯ ವರ್ಷಗಳದ್ದನ್ನೂ ತೆಗೆದು ಗಣಿ ಎಷ್ಟು ಹರಡಿದೆ ಅಂತ ಹೋಲಿಸಬಹುದು. ಕಂಪನಿ ಕೊಟ್ಟ ನಕ್ಷೆಯಲ್ಲಿ ಖಾಲಿ ಇರುವ ಜಾಗದಲ್ಲಿ ಮನೆಗಳ ಸಾಲು ಕಂಡರೆ ನಿಮಗೆ ಮೊದಲ ಪ್ರಶ್ನೆ ಸಿಕ್ಕಿತು.

ಜನರ ಭಾಗ ಇನ್ನೊಮ್ಮೆ ಬರೆಯುತ್ತೇನೆ, ಉದ್ದವಾಯಿತು.

ಸ್ಟೀಲ್ ಟೋ:

ಪೆನ್ಸಿಲ್ ಅವರು ಬಿಟ್ಟಿರುವ ಅಪಘಾತದ ವಿಷಯ ನಾನು ಹೇಳುತ್ತೇನೆ. ಗಣಿಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಯಾವ ಗಣಿ ಅಂತ ಕೇಳಬೇಡಿ.

ಎಲ್‌ಟಿಐಎಫ್‌ಆರ್ ಅಂತ ಒಂದು ಅಂಕಿ ಇರುತ್ತದೆ. ಪೆಟ್ಟಾಗಿ ಕೆಲಸಕ್ಕೆ ಬರಲಾಗದ ಪ್ರಕರಣಗಳ ದರ. ಮೊದಲು ಛೇದ ನೋಡಿ. ಕೆಲವರು 10 ಲಕ್ಷ ಗಂಟೆಗೆ ಲೆಕ್ಕ ಹಾಕುತ್ತಾರೆ, ಅಮೆರಿಕದ ಪದ್ಧತಿ ಹಿಡಿದವರು 2 ಲಕ್ಷ ಗಂಟೆಗೆ. 2 ಕೋಟಿ ಗಂಟೆ ಕೆಲಸದಲ್ಲಿ 10 ಜನಕ್ಕೆ ಪೆಟ್ಟಾಯಿತು ಅಂದುಕೊಳ್ಳಿ. ಒಂದು ಲೆಕ್ಕದಲ್ಲಿ 0.5, ಇನ್ನೊಂದರಲ್ಲಿ 0.1. ಎರಡು ಕಂಪನಿಗಳ ಗ್ರಾಫ್ ಪಕ್ಕ ಪಕ್ಕ ಇಟ್ಟು ಒಬ್ಬರು ಐದು ಪಟ್ಟು ಸುರಕ್ಷಿತ ಅಂತ ಬರೆದುಬಿಡುವವರು ಇದ್ದಾರೆ!

ಆಮೇಲೆ ಅಂಕಿ ಇಳಿಸುವುದು ಹೇಗೆ ಅಂತ ಕೇಳಿ. ನಮ್ಮಲ್ಲಿ ಬೋನಸ್ಸು ಆ ಅಂಕಿಗೆ ಕಟ್ಟಿದ್ದರು. ಬೆರಳು ಜಜ್ಜಿಕೊಂಡವನನ್ನು ಮರುದಿನ ಬೆಳಗ್ಗೆ ಕಂಪನಿ ಗಾಡಿಯಲ್ಲೇ ಕರೆದುಕೊಂಡು ಬಂದು, ಕೈಗೆ ಬ್ಯಾಂಡೇಜ್ ಇರುವಾಗಲೇ ಟ್ರೈನಿಂಗ್ ರೂಮಿನಲ್ಲಿ ಕೂರಿಸುತ್ತಿದ್ದರು. "ಲೈಟ್ ಡ್ಯೂಟಿ". ಕೆಲಸಕ್ಕೆ ಬಂದಿದ್ದಾನೆ, ಹಾಗಾದರೆ ಲಾಸ್ಟ್ ಟೈಮ್ ಇಲ್ಲ. ಶಿಫ್ಟ್ ಪೂರ್ತಿ ಆ ಮನುಷ್ಯ ಪ್ರೊಜೆಕ್ಟರ್ ಮುಂದೆ ತೂಕಡಿಸುತ್ತಿದ್ದ. ರಿಪೋರ್ಟ್‌ನಲ್ಲಿ ಗ್ರಾಫ್ ಇಳಿಯಿತು. ಹಾಗಾಗಿ ಎಲ್‌ಟಿಐಎಫ್‌ಆರ್ ಒಂದನ್ನೇ ನಂಬಬೇಡಿ. ಟಿಆರ್‌ಐಎಫ್‌ಆರ್ ಅಂತ ಇನ್ನೊಂದು ಇರುತ್ತದೆ, ದಾಖಲಿಸಬೇಕಾದ ಎಲ್ಲ ಪೆಟ್ಟುಗಳ ದರ, ಅದರಲ್ಲಿ ಲೈಟ್ ಡ್ಯೂಟಿಯೂ ಸೇರುತ್ತದೆ. ಎರಡರ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದ್ದರೆ ಟ್ರೈನಿಂಗ್ ರೂಮು ತುಂಬಿದೆ ಅಂತ ತಿಳಿಯಿರಿ.

ಸಾವನ್ನು ಮಾತ್ರ ಮುಚ್ಚಿಡುವುದು ಕಷ್ಟ. ಅದನ್ನು ದರವಾಗಿ ನೋಡಬೇಡಿ, ಒಂದೊಂದಾಗಿ ಓದಿ. ಎಲ್ಲಿ, ಯಾವ ಕೆಲಸದಲ್ಲಿ, ಕಾಯಂ ಕಾರ್ಮಿಕನೋ ಗುತ್ತಿಗೆಯವನೋ. ಕಳೆದ ಕೆಲವು ವರ್ಷಗಳ ರಿಪೋರ್ಟ್ ತೆಗೆದು ಒಂದೇ ಕಾರಣ ಮತ್ತೆ ಬಂದಿದೆಯಾ ನೋಡಿ. ದೊಡ್ಡ ಡಂಪರ್ ಚಿಕ್ಕ ಜೀಪಿನ ಮೇಲೆ ಹತ್ತಿದ್ದು ಎರಡು ಸಲ ಬಂದಿದ್ದರೆ ಅವರು ಮೊದಲನೆಯದರಿಂದ ಏನೂ ಕಲಿತಿಲ್ಲ. ಕ್ಯಾಂಪಿನ ಬಸ್ಸು, ಅದಿರು ಸಾಗಿಸುವ ಲಾರಿ, ಇವು ಗೇಟಿನ ಹೊರಗೆ ಮಾಡುವ ಅಪಘಾತ ಲೆಕ್ಕದಲ್ಲಿ ಇದೆಯಾ ಅಂತಲೂ ಕೇಳಿ. ಸಾಮಾನ್ಯವಾಗಿ ಇರುವುದಿಲ್ಲ.

ಮೂರನೇ ಬೆಂಚು:

ತುಂಬಾ ಥ್ಯಾಂಕ್ಸ್. ರಿಪೋರ್ಟ್ ಮತ್ತೆ ತೆರೆದು ಕೂತೆ. ಪತ್ರ ಲಿಮಿಟೆಡ್ ಅಶ್ಯೂರೆನ್ಸ್‌ನದೇ. ಡ್ಯಾಂ ಪಟ್ಟಿ ಪ್ರತ್ಯೇಕ ಫೈಲಿನಲ್ಲಿದೆ, ಎಕ್ಸ್‌ಟ್ರೀಮ್ ಅನ್ನುವುದು ಒಂದಕ್ಕಿಂತ ಜಾಸ್ತಿ ಇವೆ. ಪಾಲುದಾರಿಕೆಯ ತಾಮ್ರದ ಗಣಿಗೆ ಮಾತ್ರ "ನಡೆಸುವ ಕಂಪನಿಯ ಜಾಲತಾಣ ನೋಡಿ" ಅಂತ ಬರೆದಿದ್ದಾರೆ. ಅಪಘಾತದ ಛೇದ 2 ಲಕ್ಷ ಗಂಟೆ, ಅದೂ ಅನುಬಂಧದಲ್ಲಿ.

ಜನರ ಭಾಗಕ್ಕೆ ಕಾಯುತ್ತಿದ್ದೇನೆ. ಸಮುದಾಯಕ್ಕೆ ಮಾಡಿದ ಖರ್ಚು ಅಂತ ದೊಡ್ಡ ಮೊತ್ತ ಇದೆ, ಶಾಲೆ, ಆಸ್ಪತ್ರೆ, ಆಟದ ಮೈದಾನ. ಜೊತೆಗೆ "ಎಲ್ಲ ಕಡೆ ಕಾನೂನು ಪಾಲಿಸಿದ್ದೇವೆ" ಅನ್ನುವ ಮಾತು ಪದೇ ಪದೇ ಬರುತ್ತದೆ. ಇದಕ್ಕೆ ಎಷ್ಟು ಬೆಲೆ ಕೊಡಬೇಕು? ಗಣಿ ಮುಚ್ಚುವುದರ ಬಗ್ಗೆ ಅರ್ಧ ಪುಟ ಮಾತ್ರ ಇದೆ.

ಹಳೇ ಪೆನ್ಸಿಲ್:

ಖರ್ಚಿನ ಮೊತ್ತಕ್ಕೆ ನಾನಾದರೆ ಏನೂ ಬೆಲೆ ಕೊಡುವುದಿಲ್ಲ. ದಾನ ಬೇರೆ, ತಾನು ಮಾಡಿದ ಹಾನಿ ಸರಿಪಡಿಸುವುದು ಬೇರೆ. ಬಾವಿ ಬತ್ತಿಸಿ ಆಟದ ಮೈದಾನ ಕೊಟ್ಟರೆ ಅದೂ ಆ ಮೊತ್ತದಲ್ಲಿ ಬರುತ್ತದೆ. ಮೊತ್ತ ಬಿಟ್ಟು ಮಾತು ಕೊಟ್ಟಿದ್ದು ಏನು, ಆಗಿದ್ದು ಏನು ಅಂತ ಹಿಡಿಯಿರಿ. ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಮರಿಕಾನಾ. ದಕ್ಷಿಣ ಆಫ್ರಿಕಾದಲ್ಲಿ ಲೋನ್‌ಮಿನ್ ಅನ್ನುವ ಪ್ಲಾಟಿನಂ ಕಂಪನಿ ಇತ್ತು. 2011ರೊಳಗೆ ಕಾರ್ಮಿಕರಿಗೆ 5,500 ಮನೆ ಕಟ್ಟಿಕೊಡುತ್ತೇವೆ ಅಂತ ಸರ್ಕಾರಕ್ಕೆ ಕೊಟ್ಟ ಯೋಜನೆಯಲ್ಲೇ ಒಪ್ಪಿಕೊಂಡಿತ್ತು. ಕಟ್ಟಿದ್ದು 3. ಅವೂ ಮಾದರಿ ಮನೆಗಳು, ತೋರಿಸಲು. ಕಾರ್ಮಿಕರು ತಗಡಿನ ಗುಡಿಸಲಲ್ಲೇ ಇದ್ದರು. 2012ರ ಆಗಸ್ಟ್‌ನಲ್ಲಿ ಸಂಬಳಕ್ಕಾಗಿ ಮುಷ್ಕರ ಆಯಿತು, 16ನೇ ತಾರೀಕು ಪೊಲೀಸರ ಗುಂಡಿಗೆ 34 ಜನ ಸತ್ತರು. ಮನೆಗಳ ಲೆಕ್ಕ ಆಮೇಲೆ ಫಾರ್ಲಾಮ್ ಆಯೋಗದ ವಿಚಾರಣೆಯಲ್ಲಿ ಬಂತು. ಆದರೆ ಯೋಜನೆಯ ಕಾಗದ, ಪ್ರಗತಿಯ ಕಾಗದ ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದುವವರು ಇದ್ದಿದ್ದರೆ ಮುಂಚೆಯೇ ಕಾಣುತ್ತಿತ್ತು. ನೀವು ಮಾಡಬೇಕಾದದ್ದು ಅದೇ. ಐದು ವರ್ಷ ಹಿಂದಿನ ರಿಪೋರ್ಟ್ ತೆಗೆಯಿರಿ, ಅದರಲ್ಲಿ "ಮಾಡುತ್ತೇವೆ" ಅಂತ ಇರುವ ಸಾಲುಗಳಿಗೆಲ್ಲ ಗೆರೆ ಎಳೆಯಿರಿ, ಈಗಿನದರಲ್ಲಿ ಹುಡುಕಿ. ಎಷ್ಟೋ ಸಾಲುಗಳು ಸದ್ದಿಲ್ಲದೆ ಮಾಯವಾಗಿರುತ್ತವೆ.

ಕಾನೂನು ಪಾಲಿಸಿದ್ದೇವೆ ಅನ್ನುವ ಮಾತಿಗೆ ಉತ್ತರ ಜೂಕನ್ ಗಾರ್ಜ್. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 46,000 ವರ್ಷಗಳಿಂದ ಜನ ಬಳಸಿದ್ದಕ್ಕೆ ಗುರುತು ಇದ್ದ ಕಲ್ಲಾಸರೆ, ಅಂದರೆ ಬಂಡೆಯಡಿಯ ಗುಹೆ. ಅಲ್ಲಿ ಸಿಕ್ಕ 4,000 ವರ್ಷ ಹಳೆಯ ಕೂದಲಿನ ಹೆಣಿಗೆ ಈಗಲೂ ಅಲ್ಲಿರುವ ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಜನರ ಪೂರ್ವಿಕರದ್ದು ಅಂತ ಡಿಎನ್‌ಎ ಪರೀಕ್ಷೆ ಹೇಳಿತ್ತು. ರಿಯೊ ಟಿಂಟೊ ಅನ್ನುವ ಗಣಿ ಕಂಪನಿ 2020ರ ಮೇ 24ರಂದು ಅದನ್ನು ಸಿಡಿಸಿತು. ಪೂರ್ತಿ ಕಾನೂನುಬದ್ಧವಾಗಿ. 2013ರಲ್ಲೇ ಸರ್ಕಾರದ ಅನುಮತಿ ಸಿಕ್ಕಿತ್ತು. ಆಮೇಲೆ ಅಗೆದಾಗ ಜಾಗದ ಮಹತ್ವ ಇನ್ನೂ ದೊಡ್ಡದು ಅಂತ ಗೊತ್ತಾದರೂ, ಕೊಟ್ಟ ಅನುಮತಿಯನ್ನು ಮತ್ತೆ ನೋಡುವ ದಾರಿ 1972ರ ಆ ಕಾಯಿದೆಯಲ್ಲಿ ಇರಲಿಲ್ಲ. ಸಿಡಿಸುವುದು ಬಿಡುವುದು ಕಂಪನಿಯ ಕೈಲಿತ್ತು. ಸಿಇಒ ಮತ್ತು ಇಬ್ಬರು ಹಿರಿಯ ಅಧಿಕಾರಿಗಳು ಕುರ್ಚಿ ಬಿಡಬೇಕಾಯಿತು, ಅದೂ ಹೂಡಿಕೆದಾರರ ಒತ್ತಡ ಬಂದ ಮೇಲೆ. ಹಾಗಾಗಿ ಕಂಪನಿಗೆ ಕೇಳಿ: ಕಾನೂನು ಬಿಟ್ಟಿದ್ದರೂ ನೀವೇ ಬೇಡ ಅಂತ ಕೈಬಿಟ್ಟ ಜಾಗ ಯಾವುದು? ಉತ್ತರಕ್ಕೆ ಒಂದು ಜಾಗದ ಹೆಸರು ಬರಬೇಕು. ನೀತಿ ಪತ್ರದ ಲಿಂಕ್ ಬಂದರೆ ಅದನ್ನೂ ಉತ್ತರ ಅಂತಲೇ ಗುರುತು ಹಾಕಿಕೊಳ್ಳಿ.

ದೂರು ಪುಸ್ತಕದ ಬಗ್ಗೆಯೂ ಕೇಳಿ. ಪ್ರತಿ ಗಣಿಯಲ್ಲೂ ಊರಿನವರ ದೂರು ಬರೆಯುವ ವ್ಯವಸ್ಥೆ ಇರಬೇಕು. "ದೂರು ಶೂನ್ಯ" ಅಂತ ಹೆಮ್ಮೆಯಿಂದ ಬರೆದಿರುವ ಗಣಿಯ ಬಗ್ಗೆ ನನಗೆ ಭಯ. ಬ್ಲಾಸ್ಟಿಂಗ್ ನಡೆಯುವ ಜಾಗದಲ್ಲಿ ಗೋಡೆ ಬಿರುಕು ಬಿಟ್ಟಿದೆ ಅಂತ ಒಬ್ಬರೂ ಬರುವುದಿಲ್ಲ ಅಂದರೆ, ಬಂದರೆ ಪ್ರಯೋಜನ ಇಲ್ಲ ಅಂತ ಊರಿಗೆ ಗೊತ್ತಾಗಿದೆ. ನಾನು ನೋಡಿದ ಒಂದು ಕಡೆ ದೂರು ಪೆಟ್ಟಿಗೆ ಸೆಕ್ಯುರಿಟಿ ಗೇಟಿನ ಒಳಗಿತ್ತು. ದೂರು ಹಾಕಬೇಕಾದರೆ ಪಾಸ್ ಬೇಕು, ಪಾಸ್ ಕೊಡುವವರು ಕಂಪನಿಯವರು. ಬೇರೆ ಇನ್ನೇನೂ ಕೇಳಬೇಕಿರಲಿಲ್ಲ.

ಮುಚ್ಚುವುದರ ಬಗ್ಗೆ ಅರ್ಧ ಪುಟ ಅಂದಿರಲ್ಲ. ನೀವು ಲೆಕ್ಕದವರು, ಇಲ್ಲಿ ನೀವೇ ನನಗಿಂತ ಜಾಣರು. ಆ ರಿಪೋರ್ಟ್ ಬದಿಗಿಟ್ಟು ವಾರ್ಷಿಕ ಲೆಕ್ಕದ ಟಿಪ್ಪಣಿಗಳಲ್ಲಿ "ಕ್ಲೋಷರ್ ಪ್ರಾವಿಷನ್" ಹುಡುಕಿ, ಅಂದರೆ ಗಣಿ ಮುಚ್ಚಲು ಮುಂದೆ ಆಗುವ ಖರ್ಚಿಗೆ ಈಗಲೇ ಲೆಕ್ಕದಲ್ಲಿ ತೋರಿಸುವ ಮೊತ್ತ. 30 ವರ್ಷದ ನಂತರ 100 ಕೋಟಿ ಡಾಲರ್ ಖರ್ಚು ಅಂತ ಇಟ್ಟುಕೊಂಡರೆ, ಅದನ್ನು ಇವತ್ತಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರ 2% ಆದರೆ ಇವತ್ತು ಸುಮಾರು 55 ಕೋಟಿ ತೋರಿಸಬೇಕು. 5% ಹಿಡಿದರೆ 23 ಕೋಟಿ ಸಾಕು. ಮಣ್ಣು ಅಷ್ಟೇ, ವಿಷ ಅಷ್ಟೇ, ದರ ಮಾತ್ರ ಬೇರೆ. ಆಸ್ಟ್ರೇಲಿಯಾದ ಕಾಕಡು ರಾಷ್ಟ್ರೀಯ ಉದ್ಯಾನದ ನಡುವೆ ರೇಂಜರ್ ಯುರೇನಿಯಂ ಗಣಿ ಇದೆ. 2021ರ ಜನವರಿಯಲ್ಲಿ ಅಲ್ಲಿ ಅದಿರು ಸಂಸ್ಕರಣೆ ನಿಂತಿತು. ಜಾಗವನ್ನು ಮೊದಲಿನಂತೆ ಮಾಡಲು 97.3 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಾಕು ಅಂತಿದ್ದ ಅಂದಾಜು, ಮರುವರ್ಷದ ಫೆಬ್ರವರಿಯಲ್ಲಿ 160ರಿಂದ 220 ಕೋಟಿ ಆಯಿತು. ಹಣ ಬರುವುದು ನಿಂತ ಮೇಲೆ! ಹಾಗೇ, ಅಗೆದ ಹೆಕ್ಟೇರ್ ಎಷ್ಟು, ಸರಿಪಡಿಸಿದ್ದು ಎಷ್ಟು ಅನ್ನುವ ಎರಡು ಅಂಕಿ ಪಕ್ಕ ಪಕ್ಕ ಇಡಿ. ಸಸಿ ನೆಟ್ಟ ಲೆಕ್ಕ ಬೇಡ.

ತಾಮ್ರದ ತಂತಿ:

ಇಷ್ಟೆಲ್ಲ ಓದಿ ಒಂದು ಮಾತು. ನಾನು ಅದಿರು ಸಂಸ್ಕರಣೆ ಮಾಡುವ ಎಂಜಿನಿಯರ್, ಈ ಉದ್ಯಮದಲ್ಲೇ ಅನ್ನ ತಿನ್ನುವವನು. ಕೆಟ್ಟದ್ದನ್ನು ಹುಡುಕುವುದು ಸುಲಭ. ಕರೆಂಟ್ ಕಾರಿಗೆ ತಾಮ್ರ ಬೇಕು, ಗಾಳಿಯಂತ್ರಕ್ಕೆ ಕಬ್ಬಿಣ ಬೇಕು. ನೀವು ಷೇರು ಮಾರಿದರೆ ಕೊಳ್ಳುವವನು ಇಂಥ ಪ್ರಶ್ನೆ ಕೇಳುವವನಾಗಿರುತ್ತಾನಾ? ಬ್ರುಮಾಡಿನ್ಯೊ ಆದ ಮೇಲೆ ಇಂಗ್ಲೆಂಡ್ ಚರ್ಚಿನ ಪಿಂಚಣಿ ಮಂಡಳಿ, ಸ್ವೀಡನ್ನಿನ ಪಿಂಚಣಿ ನಿಧಿಗಳು ಸೇರಿ ನೂರಾರು ಕಂಪನಿಗಳಿಗೆ ಪತ್ರ ಬರೆದು ಡ್ಯಾಂ ಪಟ್ಟಿ ಕೇಳಿದವು. ಒಳಗಿದ್ದುಕೊಂಡೇ ಕೇಳಿದ್ದಕ್ಕೆ ಪಟ್ಟಿಗಳು ಹೊರಬಂದವು.

ಇನ್ನೊಂದು, ಹೊರಗಿನವರು ಬಂದು ಗಣಿಯನ್ನೇ ಅಳೆಯುವ ವ್ಯವಸ್ಥೆ ಈಗ ಇದೆ. ಇರ್ಮಾ ಅಂತ. ಅದರ ಆಡಳಿತ ಮಂಡಳಿಯಲ್ಲಿ ಗಣಿ ಕಂಪನಿಗಳ ಜೊತೆ ಕಾರ್ಮಿಕ ಸಂಘ, ಸ್ಥಳೀಯ ಜನ, ಸ್ವಯಂಸೇವಾ ಸಂಸ್ಥೆಗಳಿಗೂ ಸಮಾನ ಮತ ಇದೆ. ಜಿಂಬಾಬ್ವೆಯ ಉಂಕಿ ಪ್ಲಾಟಿನಂ ಗಣಿಗೆ 2021ರಲ್ಲಿ ಇರ್ಮಾ 75 ಮಟ್ಟ, ಅಂದರೆ ಕನಿಷ್ಠ 75% ಅಂಕ, ಸಿಕ್ಕಿತು. ಪೂರ್ತಿ ವರದಿ ಎಲ್ಲರಿಗೂ ತೆರೆದಿದೆ, ಎಲ್ಲಿ ಕಮ್ಮಿ ಬಿದ್ದರು ಅನ್ನುವುದೂ ಇದೆ. ನಿಮ್ಮ ಕಂಪನಿಯ ಯಾವುದಾದರೂ ಗಣಿ ಅದಕ್ಕೆ ಒಪ್ಪಿಕೊಂಡಿದೆಯಾ ನೋಡಿ. ಒಪ್ಪಿಕೊಂಡವರಿಗೆ ಸ್ವಲ್ಪ ಅಂಕ ಜಾಸ್ತಿ ಕೊಡಿ, ನ್ಯಾಯ ಅಲ್ವಾ?

ಹಳೇ ಪೆನ್ಸಿಲ್:

ನ್ಯಾಯವೇ. ಇರ್ಮಾ ವರದಿ ಇದ್ದರೆ ನಾನೂ ಅದನ್ನೇ ಮೊದಲು ತೆರೆಯುತ್ತೇನೆ. ಆದರೆ ಯಾವ ಗಣಿಯನ್ನು ಅಳೆಯಲು ಕೊಟ್ಟರು, ಯಾವುದನ್ನು ಕೊಡಲಿಲ್ಲ ಅಂತಲೂ ನೋಡುತ್ತೇನೆ. ಅತ್ಯುತ್ತಮ ಗಣಿಯನ್ನು ಮುಂದೆ ನಿಲ್ಲಿಸುವುದು ಎಲ್ಲರಿಗೂ ಗೊತ್ತು.

ಮಾರಬೇಕಾ ಇಟ್ಟುಕೊಳ್ಳಬೇಕಾ ಅನ್ನುವುದಕ್ಕೆ ನಾರ್ವೆಯ ಸರ್ಕಾರಿ ಪಿಂಚಣಿ ನಿಧಿಯನ್ನು ನೋಡಿ. ಅವರು ಎರಡನ್ನೂ ಮಾಡಿದ್ದಾರೆ. ಇಂಡೋನೇಷ್ಯಾದ ಗ್ರಾಸ್‌ಬರ್ಗ್ ಗಣಿಯಲ್ಲಿ ಟೈಲಿಂಗ್ಸನ್ನು ನದಿಗೇ ಬಿಡುತ್ತಾರೆ ಅಂತ 2008ರಲ್ಲಿ ರಿಯೊ ಟಿಂಟೊವನ್ನು ಹೊರಗಿಟ್ಟರು. ಕಂಪನಿ ಅಲ್ಲಿನ ಪಾಲು ಮಾರಿದ ಮೇಲೆ 2019ರಲ್ಲಿ ವಾಪಸ್ ಸೇರಿಸಿಕೊಂಡರು. ಮರುವರ್ಷ ವಾಲೆಯನ್ನು ಹೊರಗಿಟ್ಟರು. ಅವರ ನೀತಿ ಸಮಿತಿ ಇಂಥ ತೀರ್ಮಾನಗಳಿಗೆ ಕಾರಣ ಬರೆದು ಪ್ರಕಟಿಸಿದೆ. ನಿಮ್ಮ ಟಿಪ್ಪಣಿಯ ರೂಪ ಹೇಗಿರಬೇಕು ಅಂತ ತಿಳಿಯಲು ಅವು ನಾಲ್ಕು ಓದಿ, ರೇಟಿಂಗ್ ಏಜೆನ್ಸಿಯ ಅಂಕಕ್ಕಿಂತ ಎಷ್ಟೋ ವಾಸಿ.

ಮೂರನೇ ಬೆಂಚು:

ಸರಿ. ಎಕ್ಸ್‌ಟ್ರೀಮ್ ಡ್ಯಾಂ ಇರುವ ಕಬ್ಬಿಣದ ಗಣಿ ಒಂದು, ಪಾಲುದಾರಿಕೆಯ ತಾಮ್ರದ ಗಣಿ ಒಂದು, ಇವೆರಡನ್ನೇ ಹಿಡಿಯುತ್ತೇನೆ. ಕಂಪನಿಯ ಹೂಡಿಕೆದಾರರ ವಿಭಾಗಕ್ಕೆ ಪ್ರಶ್ನೆ ಕಳಿಸುತ್ತಿದ್ದೇನೆ. ಕೈಬಿಟ್ಟ ಜಾಗ ಯಾವುದು, ಡಿಸ್ಕೌಂಟ್ ದರ ಎಷ್ಟು, ದೂರು ಪೆಟ್ಟಿಗೆ ಎಲ್ಲಿದೆ, ಗೇಟಿನ ಹೊರಗಿನ ಅಪಘಾತ ಲೆಕ್ಕದಲ್ಲಿದೆಯಾ. ಪೆಟ್ಟಿಗೆಯ ಪ್ರಶ್ನೆ ನೋಡಿ ನಮ್ಮ ಬಾಸ್ ನಕ್ಕರು, ಆದರೆ ತೆಗೆಯಲಿಲ್ಲ.

ಸ್ಟೀಲ್ ಟೋ:

ಲೈಟ್ ಡ್ಯೂಟಿಯಲ್ಲಿ ಎಷ್ಟು ಜನ ಅಂತಲೂ ಸೇರಿಸಿ. ಗಣಿವಾರು ಕೇಳಿ, ಇಲ್ಲದಿದ್ದರೆ ಕೂಡಿಸಿ ಕೊಡುತ್ತಾರೆ.